ಎರಡು ತಂಡಗಳ ನಡುವೆ ಒಂದು ಸೂರು

ತಂಡ ಹೊರಟ ಮಾರನೆಯ ದಿನ ಅವ್ವ ಮೊದಲು ಮಾಡಿಸುತ್ತಿದ್ದ ಕೆಲಸ, ನಮ್ಮ ಮಂಚವನ್ನು ಮುಂದಿನ ಕೋಣೆಗೆ ವಾಪಸು ಎಳೆಸುವುದು. ವರ್ಷಕ್ಕೆ ಎರಡು ಸಲ ಆ ಕೋಣೆ ನಮ್ಮ ಕೈತಪ್ಪುತ್ತಿತ್ತು. ಹೊರದೇಶದ ಸ್ವಯಂಸೇವಕರು ಬಂದಾಗ ಅವರಲ್ಲಿನ ಹೆಂಗಸರು ಅಲ್ಲಿ ಮಲಗುತ್ತಿದ್ದರು. ನಾವು ಅಡುಗೆಮನೆಗೂ ಹಿಂದಿನ ಜಗುಲಿಗೂ ಹಂಚಿಹೋಗುತ್ತಿದ್ದೆವು. ಅವರ ವ್ಯಾನು ಪಾಂಡವಪುರದ ರಸ್ತೆಗೆ ತಿರುಗಿದ ಮೇಲೆ ಮನೆ ಮತ್ತೆ ನಮ್ಮದಾಗುತ್ತಿತ್ತು.

ಇದು ತೊಂಬತ್ತರ ದಶಕದ ನಡುವಿನ ಮಾತು. ಚಿನಕುರಳಿಯಿಂದ ಒಳಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಮಿಷನ್ ಇತ್ತು. ರೋಗಿಗಳನ್ನು ನೋಡುವ ಒಂದು ಕೋಣೆ, ಒಂದು ಉದ್ದನೆಯ ಶೆಡ್ಡು, ಹಿಂದೆ ಕೆಲಸದವರ ಮನೆಗಳು. ನಡೆಸುತ್ತಿದ್ದವರು ವಯಸ್ಸಾದ ಒಬ್ಬ ಡಾಕ್ಟರಮ್ಮ. ಅವರು ಅರ್ಧ ತಿಂಗಳು ಬೆಂಗಳೂರಿನಲ್ಲಿ, ಅರ್ಧ ತಿಂಗಳು ಇಲ್ಲಿ ಇರುತ್ತಿದ್ದರು. ಅಪ್ಪ ಅಲ್ಲಿ ಮೇಲ್ವಿಚಾರಕ, ಅವ್ವ ಅಡುಗೆಯವಳು. ನಾವು ಪಕ್ಕದ ಊರಿನ ಹಳೆಯ ಒಕ್ಕಲು ಮನೆಯವರು. ಮನೆಯ ಗೂಡಿನಲ್ಲಿ ದೇವರ ದೀಪ ಉರಿಯುತ್ತಿತ್ತು, ಶೆಡ್ಡಿನಲ್ಲಿ ಭಾನುವಾರ ಪ್ರಾರ್ಥನೆ ನಡೆಯುತ್ತಿತ್ತು. ಅದರ ಬಗ್ಗೆ ಎರಡೂ ಕಡೆ ಯಾರೂ ಮಾತೆತ್ತಿದ್ದು ನಾನು ಕೇಳಿಲ್ಲ. ನಾನು ಆಗ ಪಾಂಡವಪುರದಲ್ಲಿ ಬಿ.ಎ. ಓದುತ್ತಿದ್ದೆ. ತಂಡ ಬಂದಾಗ ಅವರ ಇಂಗ್ಲಿಷ್ ಮಾತನ್ನು ಇವರಿಗೂ ಇವರ ಮಾತನ್ನು ಅವರಿಗೂ ತಿಳಿಸುವವನು ನಾನೇ.

ಒಂದು ತಂಡಕ್ಕೂ ಇನ್ನೊಂದು ತಂಡಕ್ಕೂ ನಡುವೆ ನಮ್ಮ ಮನೆಯವರಿಗೆ ಬಿಡುವು ಇರುತ್ತಿರಲಿಲ್ಲ. ಅವ್ವ ಹೊದಿಕೆ, ದಿಂಬಿನ ಚೀಲ, ಸೊಳ್ಳೆ ಪರದೆಗಳನ್ನು ನಾಲೆಗೆ ಹೊತ್ತುಕೊಂಡು ಹೋಗಿ ಒಗೆದು, ಹಳೆಯ ಕಲ್ಲುಕ್ವಾರಿಯ ಬಂಡೆಯ ಮೇಲೆ ಹರವುತ್ತಿದ್ದಳು. ದಿಂಬಿನ ಹತ್ತಿ ಗಂಟುಗಟ್ಟಿದ್ದರೆ ನಾನು ಅದನ್ನು ಮೂಟೆ ಕಟ್ಟಿ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಒಯ್ಯುತ್ತಿದ್ದೆ. ಅಲ್ಲಿ ಹತ್ತಿ ಎಕ್ಕುವ ಸಾಹೇಬರೊಬ್ಬರು ಮೂಟೆ ಬಿಚ್ಚಿ, "ಕ್ಯಾ ಬಾವಾ, ಇದ್ರ ಮೇಲೆ ಆನೆ ಮಲ್ಗಿತ್ತಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು. ತಂಡದವರು ಬಿಟ್ಟುಹೋದ ವಸ್ತುಗಳ ವಿಲೇವಾರಿಯೂ ಆಗಲೇ. ಅಗಲ ಅಂಚಿನ ಹ್ಯಾಟೊಂದು ಎದುರು ಹೊಲದ ಗೌಡರ ತಲೆ ಸೇರಿತ್ತು. ನಾವು ಮಕ್ಕಳು ಅವರನ್ನು ದೊಡ್ಡಯ್ಯ ಎನ್ನುತ್ತಿದ್ದೆವು. ಆ ಹ್ಯಾಟು ಹಾಕಿಕೊಂಡು ಅವರು ಎಮ್ಮೆ ಹೊಡೆದುಕೊಂಡು ಹೋಗುವುದನ್ನು ನೋಡಿ ಅವ್ವ, "ನೋಡ್ಲಾ, ನಮ್ ದೊಡ್ಡಯ್ಯ ಇಲಾಯ್ತಿಗೆ ಓಗಿ ವಾಪಸ್ ಬತ್ತಾವ್ನೆ" ಎಂದು ನಗುತ್ತಿದ್ದಳು.

ಇಷ್ಟೆಲ್ಲ ಸಿದ್ಧತೆಯಲ್ಲಿ ಅಪ್ಪನ ಪಾಲಿನದು ವಿಚಿತ್ರವಾದದ್ದು. ಅವನು ಕೆಲಸವನ್ನು ಉಳಿಸಿಡಬೇಕಿತ್ತು. ಹಿಂದೊಮ್ಮೆ ತಂಡ ಬರುವಷ್ಟರಲ್ಲಿ ಕಾಂಪೌಂಡ್ ಗೋಡೆಯನ್ನು ಅಪ್ಪ ಗಾರೆಯವರಿಂದ ಮುಗಿಸಿಬಿಟ್ಟಿದ್ದ. ಬಂದವರು ಕೈಯಲ್ಲಿ ಗಾರೆ ಕರಣೆ ಹಿಡಿದು ಗೋಡೆ ನೋಡುತ್ತ ನಿಂತರು. ಡಾಕ್ಟರಮ್ಮ ಅಪ್ಪನನ್ನು ಪಕ್ಕಕ್ಕೆ ಕರೆದು, "ಅವರು ಅಷ್ಟು ದೂರದಿಂದ ಕೆಲಸ ಮಾಡೋಕೇ ಬರ್ತಾರೆ. ಕೆಲಸ ಉಳಿಸಿಡೋದೂ ಸಿದ್ಧತೇನೇ" ಅಂದಿದ್ದರು. ಅಂದಿನಿಂದ ಅಪ್ಪ ಮರಳು ಜರಡಿ ಹಿಡಿಸುತ್ತಿದ್ದ, ಇಟ್ಟಿಗೆ ಜೋಡಿಸುತ್ತಿದ್ದ, ಮರ ಕೊಯ್ಯಿಸುತ್ತಿದ್ದ. ಅದರಾಚೆಗೆ ಒಂದು ಇಟ್ಟಿಗೆಯನ್ನೂ ಇಡಲು ಬಿಡುತ್ತಿರಲಿಲ್ಲ.

ನಾನು ಹೇಳಬೇಕೆಂದಿರುವ ವರ್ಷ, ಕಾರ್ತೀಕದಲ್ಲಿ ಬಂದ ತಂಡ ಹೆರಿಗೆ ಕೋಣೆಯ ಗೋಡೆ ಎಬ್ಬಿಸಿತು. ಸೂರು ಮುಂದಿನ ತಂಡಕ್ಕೆ ಎಂದು ಗೊತ್ತಾಗಿತ್ತು. ಅವರ ರಜೆಯ ದಿನ ಗೋವಿಂದನಹಳ್ಳಿಯ ದೇವಸ್ಥಾನ ನೋಡುವುದಕ್ಕೆ ಕೆ.ಆರ್. ಪೇಟೆಯಿಂದ ವ್ಯಾನು ಬರಬೇಕಿತ್ತು. ಬರಲಿಲ್ಲ. ಹೊರಟು ನಿಂತವರು ಗೇಟಿನ ಬಳಿ ಸುಮ್ಮನೆ ನಿಂತಿದ್ದರು. ಎದುರಿಗೆ ದೊಡ್ಡಯ್ಯನ ಮನೆಯವರು ರಾಗಿ ಕುಯ್ಯುತ್ತಿದ್ದರು. ಮೋಡ ಕಟ್ಟುತ್ತಿತ್ತು. ತಂಡದ ಮುಖ್ಯಸ್ಥ, ನರೆತ ಗಡ್ಡದ ಬಡಗಿ, ನನ್ನನ್ನು ಕೇಳಿದ: "ನಾವೂ ಹೋಗಬಹುದೇ?"

ಅವರು ಹೋದರು. ಕುಡುಗೋಲು ಹಿಡಿಯುವುದನ್ನು ದೊಡ್ಡಯ್ಯನ ಹೆಂಡತಿ ದೊಡ್ಡವ್ವ ತೋರಿಸಿಕೊಟ್ಟರು. ಕೆಲವರು ಬುಡ ಬಿಟ್ಟು ನಡುವಿಗೇ ಕುಯ್ದರು. ಬದು ಎಲ್ಲಿ ಮುಗಿಯುತ್ತದೆ ಎಂದು ತಿಳಿಯದೆ, ಭಾಗವಾಗಿ ಬೇರೆಯಿದ್ದ ದೊಡ್ಡಯ್ಯನ ತಮ್ಮನ ಹೊಲಕ್ಕೂ ನುಗ್ಗಿ ಅಲ್ಲಿಯೂ ಕುಯ್ದರು. ಅವರು ಕಟ್ಟಿದ ಕಂತೆಗಳನ್ನು ದೊಡ್ಡವ್ವ ಹಿಂದಿನಿಂದ ಬಿಚ್ಚಿ ಕಟ್ಟಿಕೊಂಡು ಬಂದರು. ಆದರೂ ಮಳೆಗೆ ಮುಂಚೆ ರಾಗಿ ಮೆದೆ ಸೇರಿತು. ತಂಡದವರು ಅಂಗೈಯ ಬೊಬ್ಬೆಗಳ ಫೋಟೋ ತೆಗೆದುಕೊಂಡರು. ಅವರಿಗೆ ಅದು ವ್ಯಾನು ಬಾರದ ಒಂದು ದಿನದ ಖುಷಿ.

ದೊಡ್ಡಯ್ಯನಿಗೆ ಅದು ಮುಯ್ಯಾಳು. ನಮ್ಮ ಕಡೆ ಒಕ್ಕಲುತನ ನಡೆಯುವುದೇ ಹಾಗೆ. ಇಂದು ನಿನ್ನ ಮನೆಯವರು ನನ್ನ ಹೊಲಕ್ಕೆ ಬಂದರೆ ನಾಳೆ ನನ್ನ ಮನೆಯವರು ನಿನ್ನ ಗದ್ದೆಗೆ ಬರಬೇಕು. ಕೂಲಿಯ ಮಾತಿಲ್ಲ, ಮರೆಯುವ ಮಾತೂ ಇಲ್ಲ. ಮುಯ್ಯಿ ತೀರಿಸದವನ ಹೊಲಕ್ಕೆ ಮುಂದಿನ ಸುಗ್ಗಿಗೆ ಯಾರೂ ಬರುವುದಿಲ್ಲ. ತಂಡದ ವ್ಯಾನು ಹೊರಟಾಗ ದೊಡ್ಡಯ್ಯ ಅದರ ಹಿಂದೆ ನೋಡುತ್ತ ನಿಂತು, "ಇವ್ರಿಗೆ ಎಂಗ್ಲಾ ತೀರ್ಸದು?" ಎಂದು ನನ್ನನ್ನೇ ಕೇಳಿದ್ದರು. ನಾನು ನಕ್ಕೆ. ಅವರು ನಗಲಿಲ್ಲ.

ಬೇಸಿಗೆಯ ಕೊನೆಗೆ ಅಕ್ಕ ಹೆರಿಗೆಗೆಂದು ತವರಿಗೆ ಬಂದಳು. ಅವಳನ್ನು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಗೆ ಕೊಟ್ಟಿತ್ತು. ಅವಳ ಮೊದಲ ಮಗು ದಾರಿಯಲ್ಲೇ ಹೋಗಿತ್ತು. ನೋವು ಬಂದಾಗ ಬಸ್ಸಿರಲಿಲ್ಲ, ಟ್ರಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿ ಮಲಗಿಸಿ ಹೊರಟಿದ್ದರು. ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈ ಸಲ ಅವಳು ಬಸ್ಸಿಳಿದು ಬಂದು ಮೊದಲು ಹೇಳಿದ ಮಾತು ನನಗೆ ನೆನಪಿದೆ: "ಅವ್ವಾ, ನೋವ್ ಬಂದ್ಮೇಲೆ ನಾನು ಯಾವ್ ಗಾಡೀನೂ ಅತ್ತಕ್ಕಿಲ್ಲ. ಏನಾರ ಆಗ್ಲಿ, ಇಲ್ಲೇ ಆಗ್ಲಿ."

ಮಿಷನ್ನಿನ ನರ್ಸಮ್ಮ ಹೆರಿಗೆ ಮಾಡಿಸುವುದರಲ್ಲಿ ಪಳಗಿದವರು. ಆದರೆ ಅವರದೂ ಒಂದು ಮಾತಿತ್ತು. ಜ್ವರದವರು, ಗಾಯದವರು ಬರುವ ಕೋಣೆಯಲ್ಲಿ ಹೆರಿಗೆ ಮಾಡಿಸುವುದಿಲ್ಲ. ಹೊಸ ಕೋಣೆಗೆ ಸೂರಾದರೆ ಇಲ್ಲೇ ಮಾಡಿಸುತ್ತೇನೆ, ಇಲ್ಲದಿದ್ದರೆ ತಿಂಗಳು ತುಂಬುವ ಮೊದಲೇ ಮೈಸೂರಿನ ಆಸ್ಪತ್ರೆಗೆ ಸೇರಿಸಿಬಿಡಿ ಎಂದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ತಂಡ ಬರುವುದು ಆಷಾಢದ ಮೊದಲಿಗೆ, ಅಕ್ಕನಿಗೆ ದಿನ ತುಂಬುವುದು ಆಷಾಢದ ಕೊನೆಗೆ. ಹೊಂದುತ್ತದೆ ಎಂದುಕೊಂಡೆವು.

ಆ ದಿನಗಳು ಚೆನ್ನಾಗಿದ್ದವು. ಅಕ್ಕ ಮುಂದಿನ ಕೋಣೆಯಲ್ಲಿ ಕಾಲು ಚಾಚಿ ಕುಳಿತು ಸೊಳ್ಳೆ ಪರದೆಯ ತೂತುಗಳನ್ನು ಹೊಲಿಯುತ್ತಿದ್ದಳು. ಅವ್ವ ಅವಳಿಗೆಂದು ಮಾಡಿದ ಬಸ್ಸಾರಿನಲ್ಲಿ ನನಗೂ ಪಾಲಿತ್ತು. ಅಪ್ಪ ದಿನಕ್ಕೊಮ್ಮೆ ಹೋಗಿ ಹೆಂಚಿನ ರಾಶಿ, ಕೊಯ್ದಿಟ್ಟ ತೊಲೆ, ಹೆಂಚು ಕೂರಿಸುವ ರೀಪರು ಪಟ್ಟಿ ಎಲ್ಲವನ್ನೂ ನೋಡಿ ಬರುತ್ತಿದ್ದ. ಆಕಾಶ ಕಾಣುವ ಆ ಕೋಣೆಯೊಳಗೆ ಒಮ್ಮೆ ಅಕ್ಕನೂ ಹೋಗಿ ನಿಂತು ಬಂದಳು. "ಮಂಚ ಆ ಕಿಟ್ಕಿ ತಾವು ಆಕ್ಸಪ್ಪ," ಅಂದಳು. ಅಪ್ಪ ತಲೆಯಾಡಿಸಿದ.

ಆಮೇಲೆ ಬೆಂಗಳೂರಿನಿಂದ ಡಾಕ್ಟರಮ್ಮನ ಫೋನು ಬಂತು. ತಂಡದವರ ಕಾಗದಪತ್ರ ಇನ್ನೂ ಆಗಿಲ್ಲ, ಅವರು ಬರುವುದು ಶ್ರಾವಣಕ್ಕೆ. ಅಪ್ಪ "ಆಗ್ಲಿ ಅಮ್ಮಾ" ಎಂದು ಫೋನಿಟ್ಟು ಮನೆಗೆ ಬಂದು ಹೇಳಿದ.

"ಮಗಳ್ ವಿಸ್ಯ ಏಳುದ್ರಾ?" ಅವ್ವ ಕೇಳಿದಳು.

"ಅವ್ರು ಕೇಳ್ನಿಲ್ಲ."

"ನೀವು ಏಳ್ದೆ ಅವ್ರೆಂಗೆ ಕೇಳಾರು? ಅವ್ರಿಗೇನ್ ಕನಸ್ ಬಿದ್ದಿತ್ತಾ?"

"ಅದು ತಂಡಕ್ಕೆ ಅಂತ ಒಪ್ಕೊಂಡಿರೋ ಕೆಲ್ಸ. ನಮ್ಮನೆ ತಾಪತ್ರಯಕ್ಕೆ ಅದನ್ನ ಮುರಿಯಕ್ಕಾಯ್ತದಾ? ಮೈಸೂರ್ಗೆ ಸೇರುಸ್ಬುಡಾಣ."

ಅಕ್ಕ ಹೊಲಿಗೆಯಿಂದ ತಲೆ ಎತ್ತಲಿಲ್ಲ. ಅಂದು ಸಂಜೆ ಅವಳು ಊಟ ಮಾಡಲಿಲ್ಲ. ಮೈಸೂರಿಗೆ ಹೋಗಲು ಒಪ್ಪಿದಳು ಎಂದೇ ಅಪ್ಪ ತಿಳಿದ. ಅವಳು ಹೂಂ ಅಂದದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಮಾರನೆಯ ದಿನ ಅವ್ವ ನಾಲೆಗೆ ಬಟ್ಟೆ ಒಗೆಯಲು ಹೋದಳು. ದೊಡ್ಡವ್ವನೂ ಅಲ್ಲಿದ್ದರು. ಅಲ್ಲಿ ಏನು ಮಾತಾಯಿತು ಎಂಬುದನ್ನು ನಾನು ಬರೆಯಲಾರೆ, ಅಲ್ಲಿ ನಾನಿರಲಿಲ್ಲ. ಅವ್ವನನ್ನು ಎಷ್ಟು ಸಲ ಕೇಳಿದರೂ "ಬಟ್ಟೆ ಒಗುದ್ವಿ ಕಣ್ಲಾ" ಎಂದಷ್ಟೇ ಹೇಳುತ್ತಿದ್ದಳು. ಗೊತ್ತಿರುವುದು ಇಷ್ಟು. ಅದರ ಮರುಬೆಳಿಗ್ಗೆ ದೊಡ್ಡಯ್ಯ ಗೇಟು ತೆಗೆದುಕೊಂಡು ಒಳಗೆ ಬಂದರು. ತಲೆಯ ಮೇಲೆ ಹ್ಯಾಟಿತ್ತು. ಹಿಂದೆ ಅವರ ಮನೆಯ ಗಂಡಸರು, ಹೆಂಗಸರು, ಉಳಿ ಸುತ್ತಿಗೆಯ ಚೀಲ ಹೊತ್ತ ಊರಿನ ಬಡಗಿ.

ಅಪ್ಪ ಹೆಂಚಿನ ರಾಶಿಗೆ ಬೆನ್ನು ಕೊಟ್ಟು ನಿಂತ.

"ಮೇನೇಜ್ರೇ, ವಸಿ ಪಕ್ಕಕ್ ಬನ್ನಿ. ಎಂಚು ಎತ್ಬೇಕು."

"ಅಣ್ಣಾ, ಅದು ತಂಡದೋರ್ಗೆ ಅಂತ ಇಟ್ಟಿರೋ ಕೆಲ್ಸ. ನಾನು ಮುಟ್ಟಂಗಿಲ್ಲ."

"ನೀನ್ ಮುಟ್ಬ್ಯಾಡ ಕಣಪ್ಪ. ನಾವ್ ಮುಟ್ತೀವಿ."

"ಅಂಗಲ್ಲಣ್ಣಾ..."

"ಎಂಗಲ್ಲ? ಅವ್ರು ನಮ್ ಒಲ್ದಲ್ಲಿ ಸೊಂಟ ಬಗ್ಸಿ ರಾಗಿ ಕುಯ್ದವ್ರೆ. ಅವ್ರ್ ಮನೆಗೋಗಿ ಮುಯ್ಯಿ ತೀರ್ಸಾಣ ಅಂದ್ರೆ ಅಲ್ಲೀಗಂಟ ಯಾವ್ ಬಸ್ಸು ಓಯ್ತದೆ, ನೀನೇ ಏಳು. ಅವ್ರ್ ಕೆಲ್ಸ ಇಲ್ಲಿ ಬಿದ್ದದೆ. ಇಲ್ಲೇ ತೀರುಸ್ತೀನಿ."

"ಈಗ ಬರೋರು ಬ್ಯಾರೆ ಜನ ಕಣಣ್ಣ. ಆ ಗಡ್ಡದ್ ಮುದುಕ ಒಬ್ಬ ಬಿಟ್ರೆ ಎಲ್ಲಾ ಒಸಬರು."

"ಒಂದೇ ಮನೆತನದೋರು ತಾನೆ? ನಮ್ಮನೇಲೂ ಅವತ್ ಕುಯ್ಲಿಗೆ ಇದ್ದ ಸೊಸೆ ಇವತ್ ತವರ್ಗೋಗವ್ಳೆ. ಅದ್ಕೆ ಮುಯ್ಯಿ ಓಗ್ಬುಡ್ತದಾ?"

ದೊಡ್ಡವ್ವ ಹಿಂದಿನಿಂದ ಕೂಗಿದರು: "ಬಿಸ್ಲೇರ್ತದೆ, ನ್ಯಾಯ ಆಮ್ಯಾಲ್ ಮಾಡ್ಕಳಿ!"

"ಡಾಕ್ಟ್ರಮ್ಮ ಕೇಳುದ್ರೆ ನಾನೇನ್ ಏಳ್ಲಿ?" ಅಪ್ಪನ ದನಿ ಇಳಿದಿತ್ತು.

"ಗೌಡ ಬಂದ್ ಮಾಡ್ಬುಟ್ಟ ಅನ್ನು. ನಾನೇನ್ ಕದ್ಕೊಂಡ್ ಓಯ್ತಾ ಇದ್ದೀನಾ?"

ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಿದ್ದಳು. ಅಪ್ಪ ಅವಳ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, "ನಾನು ಪಾಂಡವಪುರಕ್ಕೋಗಿ ಫಿನಾಯಿಲು ತತ್ತೀನಿ" ಅಂದ. ಸೈಕಲ್ಲು ಹತ್ತಿ ಹೊರಟೇಬಿಟ್ಟ. ಸಂಜೆ ವಾಪಸು ಬಂದಾಗ ಕೈಯಲ್ಲಿ ಫಿನಾಯಿಲು ಇರಲಿಲ್ಲ. ಅವ್ವ ಕೇಳಲೂ ಇಲ್ಲ.

ತೊಲೆ ಏರಿತು, ರೀಪರು ಹೊಡೆದರು. ಹೆಂಗಸರು ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸಿದರು. ಅಕ್ಕ ಜಗುಲಿಯಲ್ಲಿ ಕುಳಿತು ಎಲ್ಲವನ್ನೂ ನೋಡಿದಳು. ಕಿಟಕಿಯ ಮೇಲಿನ ಮೂಲೆಯನ್ನು ದೊಡ್ಡಯ್ಯ ತಾವೇ ಏರಿ ಮುಚ್ಚಿದರು. ಊರಿನ ಬಡಗಿ ಕೆಳಗಿನಿಂದ, "ದೊಡ್ಡಯ್ಯಾ, ಆ ಎಂಚು ಸರಿಯಾಗ್ ಕೂತಿಲ್ಲ" ಎಂದು ಕೂಗಿದ. "ನೀನ್ ಉಟ್ಟಾಕ್ ಮುಂಚಿಂದ್ಲೂ ಎಂಚು ಒಚ್ಚಿವ್ನಿ, ಸುಮ್ಕಿರ್ಲಾ" ಎಂದು ಉತ್ತರ ಬಂತು.

ಸೂರಷ್ಟೇ ಆಗಿದ್ದರೆ ತಂಡಕ್ಕೆ ಗಾರೆ, ನೆಲ, ಸುಣ್ಣ ಉಳಿಯುತ್ತಿತ್ತು. ಆದರೆ ಮಾರನೆಯ ದಿನ ದೊಡ್ಡಯ್ಯನ ತಮ್ಮನ ಮನೆಯವರು ಬಂದರು. ತಂಡದವರು ಬದು ದಾಟಿ ತಮ್ಮ ಹೊಲದಲ್ಲೂ ಕುಯ್ದಿದ್ದರಲ್ಲ, ಆ ಮುಯ್ಯಿ ಬೇರೆ. ಅಣ್ಣ ತೀರಿಸಿದ್ದು ಅಣ್ಣನ ಲೆಕ್ಕಕ್ಕೆ ಎಂದರು. ಅವರು ಗೋಡೆಗೆ ಗಾರೆ ಬಳಿದು, ನೆಲ ಹಾಕಿದರು. ಗಾರೆ ಒಣಗಿದ ಮೇಲೆ ಹೆಂಗಸರು ಬಂದು ಸುಣ್ಣ ಹೊಡೆದರು. ಅಷ್ಟಕ್ಕೇ ನಿಲ್ಲದೆ, ಶೆಡ್ಡಿನಲ್ಲಿ ಉಳಿದಿದ್ದ ಹಸಿರು ಬಣ್ಣವನ್ನು ಕಿಟಕಿಗೆ ಬಳಿದು, ಅದೂ ಉಳಿಯಿತೆಂದು ಗೇಟಿಗೂ ಬಳಿದರು. ಅಪ್ಪ ಕಾಪಾಡಿಕೊಂಡು ಬಂದಿದ್ದ ಕೆಲಸದಲ್ಲಿ ಒಂದು ಚಿಟಿಕೆಯೂ ಉಳಿಯಲಿಲ್ಲ. ನರ್ಸಮ್ಮ ಬಂದು ನೆಲ, ಗೋಡೆ, ಸೂರು ನೋಡಿದರು. "ಮಂಚ ತಂದಾಕಿ" ಎಂದರು.

ಆಷಾಢದ ಒಂದು ಬೆಳಗಿನ ಜಾವ ಅಕ್ಕನಿಗೆ ನೋವು ಬಂತು. ಹೊರಗೆ ಜಿಟಿಜಿಟಿ ಮಳೆ. ಅವ್ವ ಒಂದು ಕಡೆ, ನರ್ಸಮ್ಮ ಒಂದು ಕಡೆ ಹಿಡಿದುಕೊಂಡರು. ಅಕ್ಕ ನಮ್ಮ ಮನೆಯಿಂದ ಆ ಕೋಣೆಗೆ ನಡೆದೇ ಹೋದಳು. ಯಾವ ಗಾಡಿಯನ್ನೂ ಹತ್ತಲಿಲ್ಲ. ಅಪ್ಪ ಸೂರಿನಂಚಿನ ಕೆಳಗೆ ನಿಂತು ಮೇಲಿನ ಹೆಂಚುಗಳನ್ನೇ ನೋಡುತ್ತಿದ್ದ. ಬೆಳಕು ಹರಿದ ಮೇಲೆ ಒಳಗಿನಿಂದ ಮಗು ಅತ್ತಿತು. ಹೆಣ್ಣು. ಅಪ್ಪ ಗೋಡೆಗೆ ಒರಗಿದ, ಹೊಸ ಸುಣ್ಣ ಬೆನ್ನಿಗೆಲ್ಲ ಮೆತ್ತಿಕೊಂಡಿತು. ಅಂದು ಪೂರ್ತಿ ಅವನು ಆ ಅಂಗಿಯಲ್ಲೇ ಓಡಾಡಿದ.

ಶ್ರಾವಣದಲ್ಲಿ ತಂಡ ಬಂತು, ಡಾಕ್ಟರಮ್ಮನೂ ಜೊತೆಗೆ ಬಂದರು. ನರೆತ ಗಡ್ಡದ ಬಡಗಿ ಸೊಂಟಕ್ಕೆ ಅಳತೆ ಟೇಪು ಸಿಕ್ಕಿಸಿಕೊಂಡು ವ್ಯಾನಿನಿಂದ ಇಳಿದವನು ಹಾಗೆಯೇ ನಿಂತ. ಎದುರಿಗೆ ಸೂರು, ಸುಣ್ಣ, ಹಸಿರು ಗೇಟು. ಅಪ್ಪ ಕೈಕಟ್ಟಿ ನಿಂತಿದ್ದ. ಏನು ಹೇಳಬೇಕೆಂದು ಅವನು ಹಿಂದಿನ ದಿನವೆಲ್ಲ ಯೋಚಿಸಿದ್ದ. ಡಾಕ್ಟರಮ್ಮ ಸೂರನ್ನು ನೋಡಿದರು, ಕಿಟಕಿಯಲ್ಲಿ ನೇತುಹಾಕಿದ್ದ ಮಗುವಿನ ಬಟ್ಟೆಗಳನ್ನು ನೋಡಿದರು. "ಮಗು ತೂಕ ಎಷ್ಟಿದೆ?" ಎಂದು ಕೇಳಿ ಒಳಗೆ ನಡೆದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಉಳಿದದ್ದು ಬಂದವರಿಗೆ ಕೆಲಸವೇನು ಎಂಬ ಪ್ರಶ್ನೆ. ನಡೆದದ್ದನ್ನು ನಾನು ತಂಡದ ಬಡಗಿಗೆ ಹೇಳಿದೆ. ಮುಯ್ಯಾಳು ಎಂದರೇನು ಎಂದು ತಿಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ನಕ್ಕು, "ಹಾಗಾದರೆ ಈಗ ನಾವೇನು ಮಾಡುವುದು, ಕೇಳು" ಅಂದ. ಕೇಳಿದೆ. ದೊಡ್ಡಯ್ಯ ಹ್ಯಾಟು ತೆಗೆದು ತಲೆ ಕೆರೆದುಕೊಂಡರು.

"ಗದ್ದೆಗೆ ನಾಲೆ ನೀರ್ ಬುಟ್ಟವ್ರೆ. ನಾಟಿಗೆ ಆಳ್ ಸಿಕ್ತಿಲ್ಲ. ಬಂದಾರಾ ಕೇಳ್ಲಾ."

"ಬಂದ್ರೆ ನಿಮ್ಮೇಲೆ ಮತ್ತೆ ಮುಯ್ಯಿ ಆಯ್ತದಲ್ಲ ದೊಡ್ಡಯ್ಯಾ?"

"ಆಗ್ಲಿ ಬುಡು," ಎಂದರು. ಅವರ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

ತಂಡದವರು ಪ್ಯಾಂಟು ಮಡಚಿ ಗದ್ದೆಗಿಳಿದರು. ಈ ಸಲ ದೊಡ್ಡವ್ವ ಬುದ್ಧಿವಂತಿಕೆ ಮಾಡಿ ಬದುವಿನ ಮೇಲೆ ಹಗ್ಗ ಕಟ್ಟಿಸಿದ್ದರು. ಹಗ್ಗದಾಚೆ ಮೈದುನನ ಗದ್ದೆ. ಮೈದುನ ಬಂದು ಹಗ್ಗ ನೋಡಿ, "ಅತ್ತಿಗೆ, ನಮ್ಗೊಂದೆಲ್ಡ್ ಜನ ಬುಟ್ರೆ ಗಂಟೋಯ್ತದಾ?" ಎಂದು ಕೇಳಿಕೊಂಡು ಇಬ್ಬರನ್ನು ಒಯ್ದ.

ಮುಂದಿನ ಕೋಣೆ ತಂಡದ ಹೆಂಗಸರಿಗೆ ಹೋಗಿದ್ದರಿಂದ ಅಕ್ಕನೂ ಮಗುವೂ ಇನ್ನೂ ಹೆರಿಗೆ ಕೋಣೆಯಲ್ಲೇ ಇದ್ದರು. ಒಂದು ಮಧ್ಯಾಹ್ನ ದೊಡ್ಡ ಮಳೆ ಬಂತು. ಗದ್ದೆಯಲ್ಲಿದ್ದವರೆಲ್ಲ ಓಡಿಬಂದು ಹೆರಿಗೆ ಕೋಣೆಯ ಸೂರಿನ ಕೆಳಗೆ ನಿಂತರು. ಕಾಲಿನ ಕೆಸರು ತೊಳೆಯದೆ ಬಾಣಂತಿಯ ಬಾಗಿಲಿಗೆ ಬರಬಾರದೆಂದು ಅವ್ವನ ಕಟ್ಟಪ್ಪಣೆ. ತೊಳೆದುಕೊಂಡವರು ಒಬ್ಬೊಬ್ಬರಾಗಿ ಹೊಸಿಲಾಚೆಯಿಂದ ಮಗು ನೋಡಿ ಹೋದರು. ಕೊನೆಗೆ ದೊಡ್ಡಯ್ಯ ಬಂದರು. ಅವರು ಮಗುವಿಗಿಂತ ಮೊದಲು ಸೂರು ನೋಡಿದರು.

"ಸೋರ್ತದೇನವ್ವಾ?"

"ಇಲ್ಲ ಕಣ್ ದೊಡ್ಡಯ್ಯಾ," ಅಕ್ಕ ಅಂದಳು. "ಒಂದ್ ತೊಟ್ಟೂ ಇಲ್ಲ."

ಅಕ್ಕನ ಈ ಹೇಳಿಕೆ ನಿಜವಲ್ಲ ಎಂದು ದಾಖಲಿಸಬೇಕಾಗುತ್ತದೆ. ಕಿಟಕಿಯ ಮೇಲಿನ ಮೂಲೆ, ದೊಡ್ಡಯ್ಯ ತಾವೇ ಮುಚ್ಚಿದ್ದ ಮೂಲೆ, ಮೊದಲ ಮಳೆಯಿಂದಲೂ ತೊಟ್ಟಿಕ್ಕುತ್ತಿತ್ತು. ಮಂಚವನ್ನು ಆಗಲೇ ಎದುರು ಗೋಡೆಗೆ ಸರಿಸಿಯಾಗಿತ್ತು. ಕಿಟಕಿಯ ಕೆಳಗೆ ಅವ್ವ ಒಂದು ಚೊಂಬು ಇಟ್ಟಿದ್ದಳು. ಅದು ಬಾಗಿಲಿನಿಂದ ಕಾಣುತ್ತಿರಲಿಲ್ಲ, ಆದರೆ ಟಪ್ ಟಪ್ ಎನ್ನುತ್ತಿತ್ತು. ದೊಡ್ಡಯ್ಯನ ಪ್ರಶ್ನೆ ಮುಗಿಯುವ ಮೊದಲೇ ಅವ್ವ ಮಗುವಿನ ಬಟ್ಟೆಯೊಂದನ್ನು ಮುದುಡಿ ಚೊಂಬಿನೊಳಕ್ಕೆ ಹಾಕಿದ್ದಳು. ಸದ್ದು ನಿಂತಿತು. ದೊಡ್ಡಯ್ಯ ಸೂರನ್ನು ಇನ್ನೊಮ್ಮೆ ನೋಡಿ, ತೃಪ್ತಿಯಾಗಿ, ಆಮೇಲೆ ಮಗುವನ್ನು ನೋಡಿದರು.

ನರೆತ ಗಡ್ಡದ ಬಡಗಿಗೆ ಗೊತ್ತಾಗಿತ್ತು. ಅವನು ಆ ಮೂಲೆಯತ್ತ ಕಣ್ಣೆತ್ತಿ, ನನ್ನ ಕಡೆ ತಿರುಗಿದ. ನಾನು ಏನನ್ನೂ ತಿಳಿಸಲಿಲ್ಲ, ಅವನೂ ಕೇಳಲಿಲ್ಲ.

ತಂಡ ಹೊರಟ ಮಾರನೆಯ ದಿನ ನಮ್ಮ ಮಂಚವನ್ನು ಮುಂದಿನ ಕೋಣೆಗೆ ಎಳೆದದ್ದಾಯಿತು. ಬಿಸಿಲು ಬಿದ್ದಿತ್ತು. ಏಣಿ ತಂದು ಆ ಒಂದು ಹೆಂಚನ್ನು ಸರಿಪಡಿಸಿಬಿಡಲೇ ಎಂದು ನಾನು ಅಪ್ಪನನ್ನು ಕೇಳಿದೆ. ಅಪ್ಪ ಸೂರಿನ ಕಡೆಗೂ, ಎದುರು ಹೊಲದಲ್ಲಿ ಹ್ಯಾಟು ಹಾಕಿಕೊಂಡು ಹೋಗುತ್ತಿದ್ದ ದೊಡ್ಡಯ್ಯನ ಕಡೆಗೂ ನೋಡಿದ.

"ಇರ್ಲಿ ಬುಡ್ಲಾ," ಅಂದ. "ಮುಂದಿನ್ ತಂಡ್ಕೆ ಏನಾರ ಬೇಕಲ್ಲ."